ಅಮೆರಿಕದ ಪತಂಗ, ಹಾರೋಹಳ್ಳಿಯ ಹುಳು ಮನೆ

ಇವತ್ತು ಎರಡು ಪತಂಗಗಳ ವಿಷಯ ಮಾತಾಡೋಣ. ಒಂದು ನಿಮಗೆ ಗೊತ್ತಿರೋದೇ, ರೇಷ್ಮೆ ಪತಂಗ. ಇನ್ನೊಂದು ಫಾಲ್ ಸೈನಿಕ ಹುಳುವಿನ ಪತಂಗ.

ಈ ಸೈನಿಕ ಹುಳುವಿನ ಮೂಲ ಅಮೆರಿಕ ಖಂಡ. ಪತಂಗ ರೆಕ್ಕೆ ಬಿಚ್ಚಿದರೂ ನಾಲ್ಕು ಸೆಂಟಿಮೀಟರ್ ದಾಟಲ್ಲ. ಆದರೆ ಗಾಳಿ ಸಿಕ್ಕರೆ ಒಂದೇ ರಾತ್ರಿ 100 ಕಿಲೋಮೀಟರ್ ಹಾರಬಲ್ಲದು. ಹಿಮ ಬೀಳುವಂಥ ಚಳಿ ಮಾತ್ರ ಅದಕ್ಕೆ ಆಗಲ್ಲ. ಅದಕ್ಕೇ ಅಲ್ಲಿ ಚಳಿಗಾಲವನ್ನು ಫ್ಲಾರಿಡಾ, ಟೆಕ್ಸಾಸ್‌ಗಳ ದಕ್ಷಿಣ ಭಾಗದಲ್ಲಿ ಕಳೆದು, ಬೇಸಿಗೆಯಲ್ಲಿ ತಲೆಮಾರು ತಲೆಮಾರಾಗಿ ಕೆನಡಾವರೆಗೂ ಹೋಗುತ್ತೆ. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು. ಭಾರತದಲ್ಲಿ ಮೊದಲು ಪತ್ತೆಯಾಗಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದ ಮುಸುಕಿನ ಜೋಳದಲ್ಲೇ. ನಮ್ಮಲ್ಲಿ ಹಿಮ ಎಲ್ಲಿ ಬೀಳುತ್ತೆ? ವರ್ಷಪೂರ್ತಿ ಇಲ್ಲೇ ಠಿಕಾಣಿ.

ರೇಷ್ಮೆ ಪತಂಗದ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಸಾವಿರಾರು ವರ್ಷ ಮನುಷ್ಯ ಸಾಕಿ ಸಾಕಿ, ಅದಕ್ಕೆ ಹಾರೋದೇ ಮರೆತುಹೋಗಿದೆ. ರೆಕ್ಕೆ ಇದೆ, ಹಾರಾಟ ಇಲ್ಲ. ಅದರ ಊರು ಅಂದ್ರೆ ಹುಳು ಮನೆ, ಅಷ್ಟೇ.

ಹಾರೋಹಳ್ಳಿ, ಕನಕಪುರದ ಕಡೆ ಈ ಎರಡೂ ಅಕ್ಕಪಕ್ಕ ಬರ್ತವೆ. ಹಸುವಿನ ಮೇವಿಗೆ ಜೋಳ, ಅದರ ಬದುವಿನಾಚೆ ಹಿಪ್ಪುನೇರಳೆ ತೋಟ. ಸೈನಿಕ ಹುಳುವಿಗೆ ಹೊಡೆಯೋ ಕ್ಲೋರಾಂಟ್ರಾನಿಲಿಪ್ರೋಲ್‌ನಂಥ ಔಷಧ ಪತಂಗದ ಮರಿಹುಳುಗಳನ್ನು ಕೊಲ್ಲೋಕಂತಲೇ ಇರೋದು. ರೇಷ್ಮೆ ಹುಳುವೂ ಪತಂಗದ ಮರಿಹುಳುವೇ ಅಲ್ವಾ? ಗಾಳಿಗೆ ಸ್ವಲ್ಪ ಸೊಪ್ಪಿನ ಮೇಲೆ ಬಿದ್ದರೂ ಸಾಕು. ನಾಲ್ಕನೇ ಜ್ವರ ದಾಟಿ, ಇನ್ನೇನು ಹಣ್ಣಾಗಬೇಕು ಅನ್ನೋ ಹುಳುಗಳು ತಟ್ಟೆಯಲ್ಲೇ ಸಾಯ್ತವೆ. ರಾಮನಗರದ ಮಾರುಕಟ್ಟೆಗೆ ಹೋಗಬೇಕಿದ್ದ ಗೂಡು ಹೋಯ್ತು, ಪಕ್ಕದ ಹೊಲದವರ ಜೊತೆ ಮಾತೂ ಹೋಯ್ತು.

ಹಾಗಂತ ಜೋಳ ಬಿಟ್ಟುಕೊಡಬೇಕಾ? ಬೇಡ. ಪೈರು ಚಿಕ್ಕದಿರುವಾಗಲೇ ಸುಳಿ ಬಿಡಿಸಿ ನೋಡಿ. ಹುಳುವಿನ ತಲೆ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದೇ. ಮೊಟ್ಟೆ ಗುಂಪಾಗಿರುತ್ತೆ, ಕೈಯಲ್ಲೇ ಹೊಸಕಿಬಿಡಿ. ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ ಸುಳಿಗೆ ಹಾಕಿ. ಹೊಡೆಯಲೇಬೇಕು ಅಂದ್ರೆ ಗಾಳಿ ಇಲ್ಲದ ಹೊತ್ತಲ್ಲಿ, ಸುಳಿಗೆ ಮಾತ್ರ. ಅದಕ್ಕೂ ಮೊದಲು ಪಕ್ಕದವರಿಗೆ ಒಂದು ಫೋನ್: "ಅಣ್ಣಾ, ನಾಳೆ ಔಷಧಿ ಹೊಡೀತೀನಿ, ಇವತ್ತೇ ಸೊಪ್ಪು ಕೊಯ್ಕೊಳ್ಳಿ."

ಔಷಧಿ ಅಂಗಡಿಗೆ ಹೋಗೋ ಮುಂಚೆ ಅಪ್ಪನಿಗೋ ಚಿಕ್ಕಪ್ಪನಿಗೋ ಈ ಎಪಿಸೋಡ್ ಕೇಳಿಸಿ. ಮತ್ತೆ ಸಿಗೋಣ.