ದ್ರಾಕ್ಷಿ ಸಿಪ್ಪೆ, ಬೀಜ, ಚರಟ
(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳು)



ಹೋದ ತಿಂಗಳ ಸಭೆಯಲ್ಲಿ ಎರಡು ಪ್ರಶ್ನೆ ಬಂದವು. ಒಬ್ಬ ಸದಸ್ಯೆ, "ಸಿಸ್ಟರ್, ವೈನ್ ಹೃದಯಕ್ಕೆ ಒಳ್ಳೇದಂತೆ, ನಮ್ಮ ಯಜಮಾನ್ರು ದಿನಾ ಅದೇ ಹೇಳ್ತಾರೆ" ಅಂದರು. ಇನ್ನೊಂದು ಸಂಘದವರು ವೈನ್ ಕಾರ್ಖಾನೆಯವರು ಬಿಸಾಡುವ ಚರಟ ತಂದು, ಪುಡಿ ಮಾಡಿ ಮಾರಲು ಸಾಲ ಕೇಳಿದರು. ಅವತ್ತು ನಾವು ಎರಡಕ್ಕೂ ಸರಿಯಾದ ಉತ್ತರ ಕೊಡಲಿಲ್ಲ. ಈಗ ಓದಿಕೊಂಡು ಬಂದಿದ್ದೇವೆ.

ಬಾಳೆಕಾಯಿ ಹೆಚ್ಚಿಟ್ಟರೆ ಗಾಳಿಗೆ ಕಪ್ಪಾಗುತ್ತದೆ. ನಿಂಬೆಹುಳಿ ಹಿಂಡಿದರೆ ತಡವಾಗುತ್ತದೆ, ಅಲ್ವಾ? ನಮ್ಮ ದೇಹದ ಜೀವಕೋಶಗಳಲ್ಲೂ ಆಮ್ಲಜನಕದಿಂದ ಇಂಥದೇ ಒಂದು ಹಾನಿ ಆಗುತ್ತಿರುತ್ತದೆ. ಅದನ್ನು ತಡೆಯುವ ವಸ್ತುಗಳಿಗೆ ಆಂಟಿಆಕ್ಸಿಡೆಂಟ್ ಅಂತ ಹೆಸರು. ದ್ರಾಕ್ಷಿಯಲ್ಲಿ ಇರುವವು ಪಾಲಿಫಿನಾಲ್ ಎಂಬ ಜಾತಿಯವು. ಕಪ್ಪು ದ್ರಾಕ್ಷಿಗೆ ಬಣ್ಣ ಕೊಡುವ ಆಂಥೋಸಯಾನಿನ್ ಇರುವುದು ಸಿಪ್ಪೆಯಲ್ಲಿ. ಬೀಜ ಕಚ್ಚಿದಾಗ ಬಾಯಿ ಒಗರಾಗುವುದು ಟ್ಯಾನಿನ್‌ನಿಂದ. ಹಣ್ಣಿನ ಪಾಲಿಫಿನಾಲ್‌ನಲ್ಲಿ ಸುಮಾರು ಶೇ. 60ರಿಂದ 70 ಬೀಜದಲ್ಲಿ, ಶೇ. 30ರಷ್ಟು ಸಿಪ್ಪೆಯಲ್ಲಿ ಇರುತ್ತದೆ. ತಿರುಳಿನಲ್ಲಿ ಬಹಳ ಕಡಿಮೆ. ನಾವು ಮಾಡುವುದೇನು? ತಿರುಳು ನುಂಗಿ, ಉಳಿದದ್ದನ್ನು ಉಗಿಯುತ್ತೇವೆ!

ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿ ಬೀಜವಿರುವ ಕಪ್ಪು ಹಣ್ಣು. ಬೀಜವಿಲ್ಲದ ಹಸಿರು ದ್ರಾಕ್ಷಿಗಿಂತ ಅಗ್ಗ, ಈ ವಿಷಯದಲ್ಲಿ ಮೇಲು ಕೂಡ. ಉಪ್ಪುನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಸಿಪ್ಪೆ ಸಮೇತ ತಿನ್ನಿ. ದೊಡ್ಡವರು ಬೀಜವನ್ನೂ ಅಗಿದು ನುಂಗಿ; ಇಡೀ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ. ದ್ರಾಕ್ಷಿ ಇಲ್ಲದ ಕಾಲಕ್ಕೆ ನೇರಳೆ, ಬೆಟ್ಟದ ನೆಲ್ಲಿ ಇವೆ. ರಾಗಿಯ ಪಾಲಿಫಿನಾಲ್ ಕೂಡ ಹೆಚ್ಚಾಗಿ ಅದರ ಹೊಟ್ಟಿನಲ್ಲೇ ಇದೆ. ಬಿಳಿ ಮುದ್ದೆ ಆಗಬೇಕು ಅಂತ ಹಿಟ್ಟನ್ನು ಜರಡಿ ಹಿಡಿದು ಹೊಟ್ಟು ಹಸುವಿಗೆ ಹಾಕುವವರು ಇಲ್ಲೇ ಕೂತಿದ್ದೀರಿ.

ಇನ್ನು ಯಜಮಾನರ ಮಾತು. ಕೆಂಪು ವೈನ್‌ಗೆ ಸಿಪ್ಪೆಯ ಸಾರ ಸ್ವಲ್ಪ ಇಳಿಯುತ್ತದೆ, ನಿಜ. ಬಹಳ ಹೊಗಳುವ ರೆಸ್ವೆರಾಟ್ರಾಲ್ ಲೀಟರಿಗೆ ಕೆಲವೇ ಮಿಲಿಗ್ರಾಂ. ಜೊತೆಗೆ ಬರುವ ಮದ್ಯಸಾರ ಕ್ಯಾನ್ಸರ್ ತರುವ ವಸ್ತು ಅಂತ 1988ರಲ್ಲೇ ಪಟ್ಟಿಗೆ ಸೇರಿದೆ. ಮದ್ಯ ಎಷ್ಟು ಕಡಿಮೆ ಕುಡಿದರೂ ಸುರಕ್ಷಿತವಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿತು. ಯಜಮಾನರಿಗೆ ಹೃದಯದ ಚಿಂತೆ ಇದ್ದರೆ ಒಂದು ಗೊಂಚಲು ಹಣ್ಣು ತಂದುಕೊಡಿ, ತಿನ್ನಲಿ.

ಚರಟದ ವಿಷಯ ಇನ್ನೂ ಯೋಚಿಸಬೇಕಾದ್ದು. ನೂರು ಕಿಲೋ ದ್ರಾಕ್ಷಿ ಹಿಂಡಿದರೆ ಸುಮಾರು 20ರಿಂದ 25 ಕಿಲೋ ಚರಟ ಉಳಿಯುತ್ತದೆ. ಪಾಲಿಫಿನಾಲ್‌ನ ದೊಡ್ಡ ಪಾಲು ಅದರಲ್ಲೇ ಇರುತ್ತದೆ. ಹೊರದೇಶಗಳಲ್ಲಿ ಅದರ ಬೀಜದಿಂದ ಎಣ್ಣೆ ತೆಗೆಯುತ್ತಾರೆ, ಸಿಪ್ಪೆಯಿಂದ ಬಣ್ಣ ತೆಗೆಯುತ್ತಾರೆ. ಆದರೆ ಅದಕ್ಕೆಲ್ಲ ದೊಡ್ಡ ಯಂತ್ರ ಬೇಕು. ಕಳೆದ ವರ್ಷ ನಾವೂ ಜ್ಯೂಸ್ ಹಿಂಡಿದ ಚರಟವನ್ನು ಮಹಡಿ ಮೇಲೆ ಒಣಹಾಕಿದೆವು. ಮೋಡ ಕವಿಯಿತು, ಎರಡನೇ ದಿನಕ್ಕೆ ಬೂಷ್ಟು ಬಂತು! ಅಂಥದ್ದನ್ನು ಪುಡಿ ಮಾಡಿ ಜನರಿಗೆ ತಿನ್ನಿಸಬಹುದೇ? ತೋಟದಲ್ಲಿ ಹೊಡೆದ ಔಷಧಿಯ ಅಂಶವೂ ಸಿಪ್ಪೆಯಲ್ಲೇ ಹೆಚ್ಚು ಉಳಿಯುತ್ತದೆ. ಲ್ಯಾಬ್ ಪರೀಕ್ಷೆ, ಆಹಾರ ಪರವಾನಗಿ ಇಲ್ಲದೆ ಮಾರುವಂತಿಲ್ಲ.

ಇನ್ನೊಂದು ಭಯ ಇದೆ. ನಮ್ಮ ಒಬ್ಬ ಸದಸ್ಯೆ ಮನೆಬಾಗಿಲಿಗೆ ಬಂದವರ ಮಾತು ನಂಬಿ, ದ್ರಾಕ್ಷಿ ಬೀಜದ ಕ್ಯಾಪ್ಸೂಲ್ ಕೊಂಡು, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದರು. ಕಾಲಿನ ಗಾಯ ಮೂರು ತಿಂಗಳು ಮಾಯಲಿಲ್ಲ. ಕ್ಯಾಪ್ಸೂಲ್‌ನ ದುಡ್ಡು ಸಂಘದ ಸಾಲದ್ದು. ನಮ್ಮ ಪೊಟ್ಟಣದ ಮೇಲೂ ನಾಳೆ ಯಾರಾದರೂ "ಔಷಧಿ" ಅಂತ ಬರೆದರೆ?

ಹಾಗಾಗಿ ಪುಡಿಗೆ ಈಗ ಸಾಲ ಬೇಡ ಅಂತ ನಮ್ಮ ಅಭಿಪ್ರಾಯ. ಅದೇ ಚರಟವನ್ನು ಸಗಣಿ, ಒಣ ಎಲೆ ಜೊತೆ ಕೊಳೆಸಿ ಎರೆಗೊಬ್ಬರ ಮಾಡಬಹುದು. ಚರಟ ಹುಳಿ, ಬೀಜ ಗಟ್ಟಿ, ಆದ್ದರಿಂದ ಸಮಯ ಹಿಡಿಯುತ್ತದೆ. ಮೊದಲು ಒಂದು ಗುಂಡಿಯಲ್ಲಿ ಮಾಡಿ ನೋಡಿ. ಸಾಗಾಣಿಕೆಗೆ ಎಷ್ಟು ಖರ್ಚು, ಗೊಬ್ಬರ ಕೊಳ್ಳುವ ರೈತರು ಯಾರು ಅಂತ ಬರೆದುಕೊಂಡು ಮುಂದಿನ ಸಭೆಗೆ ಬನ್ನಿ. ಸಾಲದ ಅರ್ಜಿ ಅವತ್ತು ತೆಗೆದುಕೊಳ್ಳುತ್ತೇವೆ.