ವಾಲಿದ ಅಕ್ಷರದ ಒಳಗುಟ್ಟು

ಪುಸ್ತಕ ಓದುವವರು ಅಕ್ಷರವನ್ನು ನೋಡುವುದಿಲ್ಲ, ಅದರ ಮೂಲಕ ಅರ್ಥವನ್ನು ನೋಡುತ್ತಾರೆ. ಆದರೆ ಒಂದು ಜಾಹೀರಾತಿನ ನೆತ್ತಿಯ ಮೇಲೆ ರೋಮನ್ ಲಿಪಿಯ ಅಕ್ಷರಗಳು ತೆಳ್ಳಗೆ, ಅಗಲವಾಗಿ, ಬಲಕ್ಕೆ ವಾಲಿ ನಿಂತಿದ್ದರೆ ಕಣ್ಣು ಮೊದಲು ಅಕ್ಷರವನ್ನೇ ನೋಡುತ್ತದೆ. ಈ ಮೂರು ಗುಣಗಳು ಒಂದೆಡೆ ಸೇರಿದ್ದು ಹೇಗೆ?

ವಾಲುವಿಕೆ ಹಳೆಯದು. 1501ರಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನುಟಿಯಸ್, ವರ್ಜಿಲ್ ಕವಿಯ ಕೃತಿಗಳನ್ನು ಕೈಹಿಡಿ ಗಾತ್ರದಲ್ಲಿ ಅಚ್ಚು ಹಾಕಿದ. ಅದರ ಇಟಾಲಿಕ್ ಮೊಳೆಗಳನ್ನು ಕೆತ್ತಿದವನು ಫ್ರಾಂಚೆಸ್ಕೊ ಗ್ರಿಫೊ. ವಿದ್ವಾಂಸರ ಕೈಬರಹವೇ ಅದಕ್ಕೆ ಮಾದರಿ. ಆ ಅಕ್ಷರ ಅಗಲವಲ್ಲ, ಇಕ್ಕಟ್ಟು. ಗೆರೆಯ ತುದಿಯಲ್ಲಿ ಚಾಚುಗಳಿಲ್ಲದ ಬೋಳು ಅಕ್ಷರ, ಅಂದರೆ ಸ್ಯಾನ್ಸ್ ಸೆರಿಫ್, ಅಚ್ಚಿಗೆ ಬಂದದ್ದು ಸುಮಾರು 1816ರಲ್ಲಿ, ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್‌ನಿಂದ.

ತೂಕ, ಅಗಲ, ವಾಲು ಇವನ್ನು ಒಂದೇ ಕುಟುಂಬದ ಲೆಕ್ಕಕ್ಕೆ ತಂದವನು ಸ್ವಿಟ್ಜರ್ಲೆಂಡಿನ ಅಡ್ರಿಯನ್ ಫ್ರುಟಿಗರ್. 1957ರಲ್ಲಿ ಪ್ಯಾರಿಸ್ಸಿನಿಂದ ಹೊರಬಂದ ಅವನ ‘ಯೂನಿವರ್ಸ್’ನಲ್ಲಿ 21 ರೂಪಗಳಿದ್ದವು. ಹೆಸರಿನ ಬದಲು ಅಂಕಿ: 55 ಸಾಮಾನ್ಯ, 45 ತೆಳು, 46 ತೆಳುವಾಗಿ ವಾಲಿದ್ದು, 53 ಅಗಲ. ಮೊದಲ ಅಂಕಿ ತೂಕವನ್ನೂ ಎರಡನೆಯದು ಅಗಲ ಮತ್ತು ವಾಲನ್ನೂ ಹೇಳುತ್ತದೆ. 1983ರ ‘ಹೆಲ್ವೆಟಿಕಾ ನೋಯ’ ಕುಟುಂಬವೂ ಇದೇ ಪದ್ಧತಿಯನ್ನು ಹಿಡಿಯಿತು. ತೆಳು, ಅಗಲ, ವಾಲು ಮೂರೂ ಕೂಡಿದ ಅಕ್ಷರ ಆ ಕುಟುಂಬದಲ್ಲಿದೆ.

ನೆಟ್ಟಗಿನ ಅಕ್ಷರವನ್ನು ಯಂತ್ರದಿಂದ ಎಳೆದು ಓರೆ ಮಾಡಿದರೆ ಸಾಲದೇ? ಸಾಲದು. ಅಡ್ಡಕ್ಕೆ ಎಳೆದಾಗ ನಿಂತ ಗೆರೆ ದಪ್ಪವಾಗುತ್ತದೆ, ಮಲಗಿದ ಗೆರೆ ಇದ್ದಂತೆಯೇ ಉಳಿಯುತ್ತದೆ. ಓರೆ ಮಾಡಿದಾಗ ‘ಒ’ದಂಥ ದುಂಡು ಅಕ್ಷರದ ಬಲ ಮೇಲ್ತುದಿ, ಎಡ ಕೆಳತುದಿಗಳು ಊದಿಕೊಳ್ಳುತ್ತವೆ, ಉಳಿದೆರಡು ಮೂಲೆಗಳು ಸೊರಗುತ್ತವೆ. ಆದ್ದರಿಂದ ಒಳ್ಳೆಯ ವಿನ್ಯಾಸಕ ಒಂದೊಂದು ತಿರುವನ್ನೂ ತಿದ್ದಿ ಬರೆಯಬೇಕಾಗುತ್ತದೆ.

ಇಂಥ ಅಕ್ಷರ ಪುಟಗಟ್ಟಲೆ ಓದಿಗೆ ಬಾರದು. ಚಿಕ್ಕ ಗಾತ್ರದಲ್ಲಿ ಗೆರೆ ಕರಗುತ್ತದೆ, ಅಗಲದಿಂದ ಸಾಲು ಬೇಗ ತುಂಬುತ್ತದೆ. ದೊಡ್ಡ ಗಾತ್ರದ ಎರಡು ಮೂರು ಪದಗಳಿಗೆ, ಸುತ್ತ ಧಾರಾಳ ಬಿಳಿ ಜಾಗವಿದ್ದಾಗ, ಅದು ಸೊಗಸು. ಅಗಲ ನೆಮ್ಮದಿಯನ್ನೂ ವಾಲು ಚಲನೆಯನ್ನೂ ಸೂಚಿಸುತ್ತವೆ.

ಈ ಪಾಠ ಕನ್ನಡಕ್ಕೂ ಸಲ್ಲುತ್ತದೆ. ದುಂಡುತನವೇ ಜೀವಾಳವಾದ ನಮ್ಮ ಲಿಪಿಯನ್ನು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ವಾಲಿಸುವುದು ಸುಲಭ. ಆದರೆ ಊದಿ ಸೊರಗುವ ತಿರುವುಗಳು ಅಲ್ಲಿ ಇನ್ನೂ ಹೆಚ್ಚು. ಒತ್ತಕ್ಷರವಂತೂ ತನ್ನ ಮೇಲಿನ ಅಕ್ಷರದಿಂದ ಎಡಕ್ಕೆ ಜಾರುತ್ತದೆ. ಗುಂಡಿಗೆ ಲೆಕ್ಕ ಗೊತ್ತು, ಅಂದ ಗೊತ್ತಿಲ್ಲ. ಕನ್ನಡಕ್ಕೆ ವಾಲಿದ ಅಕ್ಷರ ಬೇಕೆಂದರೆ ಅದನ್ನು ಕನ್ನಡದ ಕಣ್ಣೇ ಹೊಸದಾಗಿ ಬರೆಯಬೇಕು.