ಕ್ಯಾಮೆರಾದ ಪಹಣಿ



ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ರೂಮು, ಸಹಕಾರಿ ಬ್ಯಾಂಕು, ಕಾಲೇಜಿನ ಆಫೀಸು, ಎಲ್ಲಿ ಹೋದರೂ ಗೋಡೆಯ ಮೇಲೊಂದು ಪರದೆ, ಅದರ ತುಂಬ ಚೌಕ ಚೌಕ ಚಿತ್ರ. ಚಿತ್ರ ಬರುತ್ತಿದ್ದರೆ ಕ್ಯಾಮೆರಾ ಸರಿಯಿದೆ ಎಂದು ಸುಮ್ಮನಾಗುತ್ತೇವೆ. ಆದರೆ ಅದು ಯಾವ ಕ್ಯಾಮೆರಾ, ಅದರ ಗಡಿಯಾರ ಸರಿಯಿದೆಯೇ, ಒಳಗಿನ ತಂತ್ರಾಂಶ ಎಷ್ಟು ಹಳೆಯದು, ಇವನ್ನು ಚಿತ್ರ ಹೇಳುವುದಿಲ್ಲ.

ನೆಟ್‌ವರ್ಕ್ ಕ್ಯಾಮೆರಾಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ತಂತ್ರಾಂಶವನ್ನು ವಿಎಂಎಸ್ ಎನ್ನುತ್ತಾರೆ. ಅದರಲ್ಲಿ ಕ್ಯಾಮೆರಾಗಳ ಪಟ್ಟಿ ಇರುತ್ತದೆ. ಹೆಸರಿನ ಮೇಲೆ ಕ್ಲಿಕ್ ಮಾಡಿ ‘ಡಿವೈಸ್ ಇನ್ಫರ್ಮೇಶನ್’ ತೆರೆದರೆ ತಯಾರಕರು, ಮಾದರಿ, ಸೀರಿಯಲ್ ನಂಬರು, ಫರ್ಮ್‌ವೇರ್ ಆವೃತ್ತಿ, ಐಪಿ ವಿಳಾಸ, ಮ್ಯಾಕ್ ವಿಳಾಸ ಸಾಲಾಗಿ ಕಾಣುತ್ತವೆ. ಹೊಲಕ್ಕೆ ಪಹಣಿ ಇದ್ದ ಹಾಗೆ ಕ್ಯಾಮೆರಾಕ್ಕೆ ಈ ಪುಟ.

ಕ್ಯಾಮೆರಾ ಒಂದು ಕಂಪನಿಯದು, ತಂತ್ರಾಂಶ ಇನ್ನೊಂದರದು. ಮಾಹಿತಿ ಸಿಗುವುದು ಹೇಗೆ? ಆಕ್ಸಿಸ್, ಬಾಷ್, ಸೋನಿ ಸೇರಿ 2008ರಲ್ಲಿ ಆನ್‌ವಿಫ್ ಎಂಬ ವೇದಿಕೆ ಕಟ್ಟಿದವು. ಅದರ ನಿಯಮ ಪಾಲಿಸುವ ಕ್ಯಾಮೆರಾ ಯಾವ ಕಂಪನಿಯದೇ ಇರಲಿ, ವಿಎಂಎಸ್ ‘ನೀನು ಯಾರು’ ಎಂದು ಕೇಳಿದರೆ ಗೊತ್ತುಪಡಿಸಿದ ರೀತಿಯಲ್ಲೇ ಉತ್ತರ ಕೊಡುತ್ತದೆ.

ಈ ಸಾಲುಗಳಲ್ಲಿ ಮ್ಯಾಕ್ ವಿಳಾಸವನ್ನು ಗಮನಿಸಿ. ಅಂಕಿ, ಅಕ್ಷರ ಬೆರೆತ ಹನ್ನೆರಡು ಸ್ಥಾನಗಳ ಗುರುತು ಅದು. ಸಾಮಾನ್ಯವಾಗಿ ಮೊದಲ ಆರು ಸ್ಥಾನ ತಯಾರಕರ ಪಾಲಿನದು. ಐಇಇಇ ಸಂಸ್ಥೆ ಹಂಚಿಕೊಟ್ಟದ್ದು. ಕೆಟ್ಟ ಕ್ಯಾಮೆರಾ ತೆಗೆದು ಬೇರೆಯದನ್ನು ಕೂರಿಸಿ, ಅದೇ ಐಪಿ ವಿಳಾಸ ಕೊಟ್ಟರೆ ಪರದೆಯಲ್ಲಿ ‘ಹಿಂಬಾಗಿಲು’ ಎಂಬ ಹೆಸರು ಹಾಗೇ ಉಳಿಯಬಹುದು. ಮ್ಯಾಕ್ ಮಾತ್ರ ಬದಲಾಗಿರುತ್ತದೆ.

ಇನ್ನು ಫರ್ಮ್‌ವೇರ್, ಅಂದರೆ ಕ್ಯಾಮೆರಾದೊಳಗಿನ ತಂತ್ರಾಂಶ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾಗಳನ್ನೂ ದೃಶ್ಯ ದಾಖಲಿಸುವ ಡಿವಿಆರ್‌ಗಳನ್ನೂ ದೊಡ್ಡ ಸಂಖ್ಯೆಯಲ್ಲಿ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು, ಅಂತರ್ಜಾಲ ತಾಣಗಳ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಕಂಪನಿಯ ಮೇಲೆ ಅವು ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಹಲವರಿಗೆ ಸಿಗದಾದವು. ಪಾಸ್‌ವರ್ಡ್ ಬದಲಿಸುವುದು ಮೊದಲ ಕೆಲಸ. ಹಳೆಯ ಫರ್ಮ್‌ವೇರ್‌ನಲ್ಲೂ ಇಂಥ ದಾರಿ ತೆರೆದಿರಬಹುದು, ಹಾಗಾಗಿ ಮಾಹಿತಿ ಪುಟದ ಆವೃತ್ತಿಯನ್ನು ತಯಾರಕರ ಇತ್ತೀಚಿನದರ ಜೊತೆ ತಾಳೆ ನೋಡುವುದು ಎರಡನೆಯದು.

ಕೊನೆಯದಾಗಿ, ಕೋರ್ಟಿನ ವಿಷಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ದೃಶ್ಯ ಪಡೆದ ಸಾಧನದ ತಯಾರಿಕೆ, ಮಾದರಿ, ಸೀರಿಯಲ್ ನಂಬರು ಬರೆಯಲು ಅದರ ನಮೂನೆಯಲ್ಲೇ ಜಾಗವಿದೆ. ಗಡಿಯಾರವೂ ಮುಖ್ಯ. ಗೇಟಿನ ಕ್ಯಾಮೆರಾ ನಾಲ್ಕು ನಿಮಿಷ ಮುಂದಿದ್ದರೆ, ಕಳ್ಳ ಒಳಗೆ ಬರುವ ಮೊದಲೇ ಮೆಟ್ಟಿಲು ಹತ್ತಿದ್ದಾನೆ ಎಂದು ದಾಖಲೆ ಹೇಳೀತು! ಎಲ್ಲ ಕ್ಯಾಮೆರಾಗಳೂ ಒಂದೇ ಸಮಯ ಸರ್ವರಿನಿಂದ ವೇಳೆ ಪಡೆಯುವಂತೆ ಇಟ್ಟರೆ ಈ ತಕರಾರು ಬರುವುದಿಲ್ಲ.

ಹಾಗಾಗಿ ಕ್ಯಾಮೆರಾ ಹಾಕಿಸಿದ ದಿನವೇ ಈ ಮಾಹಿತಿಯ ಪ್ರತಿ ತೆಗೆದು ಫೈಲಿಗೆ ಸೇರಿಸಿ. ರಿಪೇರಿಯಾದಾಗಲೆಲ್ಲ ಮತ್ತೆ ತಾಳೆ ನೋಡಿ. ಕಳವಾದ ಮೇಲೆ ಹುಡುಕಿದರೆ ಇಂದಿನ ಮಾಹಿತಿ ಸಿಗುತ್ತದೆ, ಅಂದಿನದಲ್ಲ.